ಹ್ಯಾಟೆ ಮರಿ ಮೊಟ್ಟೆಗೆ ಬರುವ ತನಕ

ಹಿತ್ತಲಲ್ಲಿ ನಾಲ್ಕಾರು ಕೋಳಿ ಸಾಕೋಣ ಎಂದು ಹೊರಟವರು ಮೊದಲು ಕೇಳುವುದೇ ದಿನಕ್ಕೆ ಎಷ್ಟು ಮೊಟ್ಟೆ ಸಿಗುತ್ತದೆ ಎಂದು. ಆ ಲೆಕ್ಕ ಸದ್ಯಕ್ಕೆ ಇರಲಿ. ಹ್ಯಾಟೆ ಮರಿ ಮೊಟ್ಟೆಗೆ ಬರಲು ಐದೂವರೆ, ಆರು ತಿಂಗಳು ಬೇಕು. ನಾಟಿಯಾದರೆ ಇನ್ನೂ ಸ್ವಲ್ಪ ತಡವೇ. ಕೈಗೆ ಏನೂ ಸಿಗದ ಆ ತಿಂಗಳುಗಳಲ್ಲಿ ಮನೆಯವರು ಹೇಗೆ ನೋಡಿಕೊಳ್ಳುತ್ತಾರೋ ಅದರ ಮೇಲೆ ಮುಂದಿನದೆಲ್ಲ ನಿಂತಿದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ನಾನು ಕಂಡಂತೆ ಮೇವು ಸಾಲದೆ ಕೋಳಿ ಕಳೆದುಕೊಂಡವರು ಕಡಿಮೆ. ಲಸಿಕೆ ತಪ್ಪಿಸಿದವರು, ರಾತ್ರಿ ಗೂಡು ಭದ್ರ ಮಾಡದವರೇ ಹೆಚ್ಚು.

ಯಾವ ಕೋಳಿ ತರಬೇಕು? ನಾಟಿ ಕೋಳಿ ವರ್ಷಕ್ಕೆ ಅರವತ್ತು, ಎಂಬತ್ತು ಮೊಟ್ಟೆ ಇಟ್ಟರೆ ಹೆಚ್ಚು. ಆದರೆ ತಾನೇ ಕಾವಿಗೆ ಕೂತು, ಮರಿ ಎಬ್ಬಿಸಿ ಸಾಕುತ್ತದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ 1989ರಲ್ಲಿ ರೈತರ ಕೈಗೆ ಬಂತು, ಸ್ವರ್ಣಧಾರ 2005ರಲ್ಲಿ. ಗಿರಿರಾಜದ ಮೈತೂಕ ಹೆಚ್ಚು. ಸ್ವರ್ಣಧಾರ ಅದಕ್ಕಿಂತ ಹಗುರ, ಅಪಾಯ ಕಂಡರೆ ಬೇಗ ಓಡುತ್ತದೆ, ವರ್ಷಕ್ಕೆ ಸುಮಾರು 180 ಮೊಟ್ಟೆ ಕೊಡುತ್ತದೆ. ಮೊದಲ ಸಲ ಸಾಕುವ ಮನೆಗೆ ಒಂದು ದಿನದ ಮರಿ ಬೇಡ ಎನ್ನುತ್ತೇನೆ. ಅದಕ್ಕೆ ಹಗಲೂ ರಾತ್ರಿ ಬಲ್ಬಿನ ಶಾಖ ಬೇಕು, ಸಾವೂ ಜಾಸ್ತಿ. ಆರೆಂಟು ವಾರ ತುಂಬಿದ ಐದಾರು ಹ್ಯಾಟೆ ಮರಿ ತನ್ನಿ. ಹುಂಜ ಇಲ್ಲದಿದ್ದರೆ ಮೊಟ್ಟೆ ಇಡುತ್ತವೆಯೇ ಎಂದು ಕೇಳುವವರುಂಟು. ಇಡುತ್ತವೆ. ಮರಿ ಮಾಡಿಸಬೇಕೆಂದರೆ ಮಾತ್ರ ಹುಂಜ ಬೇಕು.

ಕೊಳ್ಳುವಾಗ ಮರಿಯನ್ನು ಕೈಗೆತ್ತಿಕೊಂಡು ನೋಡಿ. ಕಣ್ಣು ಹೊಳೆಯುತ್ತಿರಬೇಕು, ಮೂಗಿನಲ್ಲಿ ಸಿಂಬಳ ಇರಬಾರದು, ಹಿಂಭಾಗದ ಪುಕ್ಕಕ್ಕೆ ಹಿಕ್ಕೆ ಮೆತ್ತಿರಬಾರದು. ಎದೆ ಮೂಳೆಯ ಎರಡೂ ಬದಿ ಸವರಿದರೆ ಮಾಂಸ ಸಿಗಬೇಕು. ಮೂಳೆ ಬ್ಲೇಡಿನಂತೆ ಕೈಗೆ ತಾಗಿದರೆ ಬಿಟ್ಟುಬಿಡಿ. ಯಾವ ಯಾವ ಲಸಿಕೆ ಆಗಿದೆ ಎಂದು ಕೇಳಿ ಬರೆದಿಟ್ಟುಕೊಳ್ಳಿ.

ಇಲ್ಲಿ ಕೊಕ್ಕರೆ ರೋಗ ಎಂದರೆ ರಾಣಿಖೇತ್. ಹಸಿರು ಭೇದಿ, ತಿರುಚಿದ ಕುತ್ತಿಗೆ, ಎರಡು ಮೂರು ದಿನದಲ್ಲಿ ಇಡೀ ಗೂಡು ಖಾಲಿ. ವೈರಸ್ ರೋಗವಾದ್ದರಿಂದ ಬಂದ ಮೇಲೆ ಔಷಧಿ ಇಲ್ಲ, ಲಸಿಕೆಯೊಂದೇ ದಾರಿ. ಮೊದಲ ವಾರದಲ್ಲಿ ಲಾಸೋಟಾ ಹನಿಯನ್ನು ಕಣ್ಣಿಗೋ ಮೂಗಿಗೋ ಬಿಡುತ್ತಾರೆ, ಸುಮಾರು ಎಂಟನೇ ವಾರಕ್ಕೆ ಆರ್‌ಟುಬಿ ಚುಚ್ಚುಮದ್ದು. ನೀವು ಮರಿ ತರುವ ಹೊತ್ತಿಗೆ ಈ ಎರಡನೆಯದರ ಸರದಿ ಬಂದಿರುತ್ತದೆ, ಬಹಳ ಜನ ಮರೆಯುವುದೂ ಅದನ್ನೇ. ಲಸಿಕೆಯ ಬಾಟಲಿ ನೂರಾರು ಕೋಳಿಗೆ ಆಗುವಷ್ಟು ದೊಡ್ಡದು, ಒಡೆದು ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಆದ್ದರಿಂದ ಬೀದಿಯ ನಾಲ್ಕು ಮನೆಯವರು ಸೇರಿ ಒಂದೇ ದಿನ ಗೊತ್ತುಮಾಡಿ, ಪಶು ಆಸ್ಪತ್ರೆಯಲ್ಲಿ ಮೊದಲೇ ಹೇಳಿಡಿ. ಲಸಿಕೆಯನ್ನು ಐಸ್ ಮೇಲಿಟ್ಟೇ ತರಬೇಕು. ಪಕ್ಕದ ಮನೆಯ ಕೋಳಿಗೆ ಲಸಿಕೆ ಆಗದಿದ್ದರೆ ನಿಮ್ಮ ಹಿತ್ತಲಿಗೂ ನೆಮ್ಮದಿಯಿಲ್ಲ.

ತಂದ ಮೊದಲ ವಾರ ಮರಿಗಳನ್ನು ಗೂಡಿನಿಂದ ಹೊರಗೆ ಬಿಡಬೇಡಿ. ನೀರು, ಮೇವು ಒಳಗೇ ಸಿಗಲಿ. ಆಮೇಲೆ ಹೊತ್ತು ಮುಳುಗುವುದಕ್ಕೆ ಒಂದು ಗಂಟೆ ಮುಂಚೆ ಬಾಗಿಲು ತೆಗೆಯಿರಿ. ಕತ್ತಲಾಗುತ್ತಿದ್ದಂತೆ ತಾವೇ ಒಳಗೆ ಬರುತ್ತವೆ. ದಿನದಿನಕ್ಕೆ ಬಿಡುವ ಹೊತ್ತನ್ನು ಹೆಚ್ಚಿಸುತ್ತ ಹೋಗಿ. ಒಂದು ಕೋಳಿಗೆ ಎರಡು ಚದರಡಿ ಜಾಗ, ಕೂರಲು ಅಡ್ಡಕ್ಕೊಂದು ಮರದ ತುಂಡು, ನೆಲದಿಂದ ಮೇಲೆದ್ದ ಗೂಡು ಇದ್ದರೆ ಸಾಕು. ಜಾಲರಿಯ ಕಣ್ಣು ಅರ್ಧ ಇಂಚು ಮೀರದಿರಲಿ, ಮುಂಗುಸಿ ಮರಿ ನುಸುಳುವುದಕ್ಕೆ ದೊಡ್ಡ ಸಂದು ಬೇಕಿಲ್ಲ. ಬೆಟ್ಟದ ಅಂಚಿನ ಊರುಗಳಲ್ಲಿ ಚಿರತೆಯ ಭಯವೂ ಇರುವುದರಿಂದ ಕತ್ತಲಾದ ಮೇಲೆ ಗೂಡು ನೋಡಲು ಒಬ್ಬರೇ ಹೋಗಬೇಡಿ. ಹೊಸಬರು ರಾಮದೇವರ ಬೆಟ್ಟದ ರಣಹದ್ದಿಗೂ ಹೆದರುತ್ತಾರೆ. ಅದು ಸತ್ತ ಪ್ರಾಣಿ ತಿಂದು ಬದುಕುವ ಹಕ್ಕಿ, ನಿಮ್ಮ ಮರಿಗೆ ಕೈಹಾಕುವುದಿಲ್ಲ. ನೆಲಕ್ಕೆ ಹಾಸಲು ಭತ್ತದ ಹೊಟ್ಟು ಸಾಕು. ಚನ್ನಪಟ್ಟಣದವರಾದರೆ ಬೊಂಬೆ ಕೆತ್ತುವ ಆಲೆ ಮರದ ಹೊಟ್ಟೂ ಆದೀತು, ಬಣ್ಣ ಬೆರೆತದ್ದನ್ನೂ ತೀರಾ ಪುಡಿಯನ್ನೂ ಬಿಟ್ಟು.

ಮೇವಿನಲ್ಲಿ ಇಲ್ಲಿನ ಜನರ ಭರವಸೆ ರಾಗಿ. ಒಳ್ಳೆಯ ಕಾಳೇ, ಆದರೆ ಅದರಲ್ಲಿ ಪ್ರೊಟೀನ್ ಶೇಕಡಾ 7ರಷ್ಟು ಮಾತ್ರ; ಬೆಳೆಯುವ ಹ್ಯಾಟೆಗೆ 16ರಷ್ಟಾದರೂ ಬೇಕು. ಹಿತ್ತಲ ಹುಳು, ಗೆದ್ದಲು, ಸೊಪ್ಪು ಸ್ವಲ್ಪ ತುಂಬಿಸುತ್ತವೆ, ಉಳಿದದ್ದಕ್ಕೆ ಬೆಳೆಯುವ ಕೋಳಿಯ ಫೀಡ್ ಕೊಡಿ. ರೇಷ್ಮೆ ಬಿಚ್ಚುವ ಕಡೆ ಸಿಗುವ ಪ್ಯೂಪಾ ಪ್ರೊಟೀನಿನಲ್ಲಿ ಬಲು ಗಟ್ಟಿ. ಚೆನ್ನಾಗಿ ಒಣಗಿಸಿ ಚಿಟಿಕೆ ಚಿಟಿಕೆ ಹಾಕಿ, ಹೆಚ್ಚಾದರೆ ಮೊಟ್ಟೆಗೇ ವಾಸನೆ ಬರುತ್ತದೆ. ರೇಷ್ಮೆ ಸಾಕುವ ಮನೆಯವರು ಕೋಳಿಯನ್ನು ಹುಳುವಿನ ಮನೆಯ ಹತ್ತಿರ ಸುಳಿಯಗೊಡಬೇಡಿ. ಒಳಗೆ ನುಗ್ಗಿದರೆ ಗಳಿಗೆಯಲ್ಲಿ ತಟ್ಟೆ ಖಾಲಿ.

ಸುಣ್ಣದ ಅಂಶಕ್ಕೂ ರಾಗಿಯೊಂದನ್ನೇ ನಂಬಲಾಗದು. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಇರುವುದು ಅರ್ಧ ಗ್ರಾಂಗೂ ಕಡಿಮೆ, ಕೋಳಿ ಇಡೀ ದಿನಕ್ಕೆ ತಿನ್ನುವುದೇ 100 ಗ್ರಾಂ ಆಸುಪಾಸು. ಆದ್ದರಿಂದ ಮೊಟ್ಟೆ ಶುರುವಾಗುವ ಹೊತ್ತಿಗೆ ಸುಟ್ಟು ಪುಡಿಮಾಡಿದ ಮೊಟ್ಟೆ ಚಿಪ್ಪನ್ನೋ ಕಪ್ಪೆಚಿಪ್ಪಿನ ಚೂರನ್ನೋ ಬೇರೆ ಬಟ್ಟಲಲ್ಲಿಡಿ. ಅದಕ್ಕೂ ಮುಂಚೆ ಬೇಡ, ಎಳೆಯ ಹ್ಯಾಟೆಗೆ ಸುಣ್ಣ ಹೆಚ್ಚಾದರೆ ಮೂತ್ರಪಿಂಡ ಕೆಡುತ್ತದೆ.

ಜುಟ್ಟು ಕೆಂಪೇರಿ, ಮೂಲೆ ಮೂಲೆ ಹುಡುಕುತ್ತ, ಮುಟ್ಟಲು ಹೋದರೆ ನೆಲಕ್ಕೆ ಕುಕ್ಕರಿಸಿದರೆ ಮೊಟ್ಟೆಯ ಹೊತ್ತು ಬಂತೆಂದು ತಿಳಿಯಿರಿ. ಹುಲ್ಲು ಹಾಸಿದ ಮಂಕರಿಯನ್ನು ಮಂಕು ಬೆಳಕಿನ ಮೂಲೆಗೆ ಇಡಿ. ಚೊಚ್ಚಲ ಮೊಟ್ಟೆಗಳು ಚಿಕ್ಕವು, ಕೆಲವು ಮೆತ್ತಗೂ ಇರಬಹುದು, ಕೆಲವೇ ವಾರದಲ್ಲಿ ಸರಿಹೋಗುತ್ತದೆ. ಸ್ವರ್ಣಧಾರ ಕಾವಿಗೆ ಕೂರುವುದು ಅಪರೂಪ. ಮುಂದೆ ಮರಿ ಬೇಕೆನಿಸಿದರೆ ಹುಂಜವಿರುವ ಮನೆಯಿಂದ ಮೊಟ್ಟೆ ತಂದು, ಕಾವಿಗೆ ಕೂತ ನಾಟಿ ಹ್ಯಾಟೆಯ ಕೆಳಗೆ 21 ದಿನ ಇಡಿ.