ನಿನ್ನ ಕೈ ಸ್ವಲ್ಪ ಹಿಂದಕ್ಕಿಡು, ಮಗಳೇ

ಮೊನ್ನೆ ಘಾಟಿ ಸುಬ್ರಹ್ಮಣ್ಯದಲ್ಲಿ ನಿನ್ನನ್ನು ಕಂಡೆ. ನೀನು ನಾಗರಕಲ್ಲಿಗೆ ಹಾಲೆರೆದು ಬಂದು ಮಗನನ್ನು ಕಂಕುಳಲ್ಲೇ ಇಟ್ಟುಕೊಂಡು ನಿಂತಿದ್ದೆ. ಮೂರು ವರ್ಷದ ಕೂಸು, ಕೆಳಗಿಳಿಸಿದರೆ ನಡೆಯುತ್ತಾನೆ. ಪ್ರಸಾದದ ಬಾಳೆಹಣ್ಣಿನ ತೊಟ್ಟು ಮುರಿಯೋಕೆ ಆ ಪುಟ್ಟ ಬೆರಳು ಒದ್ದಾಡ್ತಿತ್ತು. ನೀನು ಕಿತ್ತುಕೊಂಡು, ಸುಲಿದು, ಬಾಯಿಗೆ ತುರುಕಿದೆ. ಅವನು ಅಳಲಿಲ್ಲ, ಸುಮ್ಮನೆ ಕೈ ಕೆಳಗೆ ಬಿಟ್ಟ. ಆ ಕೈ ಕೆಳಗೆ ಬಿದ್ದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅದಕ್ಕೇ ಈ ನಾಲ್ಕು ಮಾತು.

ನನ್ನ ಎರಡನೇ ಮಗನೂ ನಿನ್ನ ಮಗನ ಹಾಗೇ, ಬುದ್ಧಿ ಬೆಳವಣಿಗೆ ನಿಧಾನ. ಈಗ ಅವನಿಗೆ ನಲವತ್ತು ದಾಟಿದೆ. ನಿನ್ನ ಪುಣ್ಯ, ನಿನ್ನ ಮಗನಿಗಿನ್ನೂ ಮೂರು. ನಾನು ಕಳೆದುಕೊಂಡ ಕಾಲ ನಿನ್ನ ಕೈಲಿ ಹಾಗೇ ಇದೆ.

ನಾನೇಕೆ ಕಳೆದುಕೊಂಡೆ ಗೊತ್ತಾ? ಕರೆದರೆ ತಿರುಗಿ ನೋಡ್ತಿರಲಿಲ್ಲ. ನಮ್ಮ ಮನೆ ಮಗ್ಗದ ಸದ್ದಿನಲ್ಲಿ ಕೇಳಿಸಿರಲ್ಲ ಅಂದುಕೊಂಡೆ. ಮಾತು ಬರಲಿಲ್ಲ. ಅವರಪ್ಪನೂ ನಾಲ್ಕು ವರ್ಷಕ್ಕೇ ಮಾತಾಡಿದ್ದು ಅಂದರು ಅತ್ತೆ. ಬಜೆ ತೇಯ್ದು ನಾಲಿಗೆಗೆ ಹಚ್ಚಿದೆವು. ನಾಗಪ್ರತಿಷ್ಠೆ ಮಾಡಿಸಿದೆವು. ಹರಕೆ ತಪ್ಪು ಅನ್ನಲ್ಲ ನಾನು, ನಿನ್ನದನ್ನೂ ತೀರಿಸು. ಆದರೆ ಘಾಟಿ ಬಸ್ಸು ಹತ್ತಿದ ನನಗೆ ಆಸ್ಪತ್ರೆ ಬಸ್ಸು ಹತ್ತೋಕೆ ಎರಡು ವರ್ಷ ಬೇಕಾಯ್ತಲ್ಲ, ಅದು ತಪ್ಪು. ಮಗು 4 ತಿಂಗಳಿಗೆ ಕತ್ತು ನಿಲ್ಲಿಸಬೇಕು, 8–9ಕ್ಕೆ ಕೂರಬೇಕು, ಒಂದೂವರೆ ವರ್ಷಕ್ಕೆ ಹೆಜ್ಜೆ ಇಡಬೇಕು, ಎರಡಕ್ಕೆ ‘ಅಮ್ಮ ಬಾ’ ಅಂತ ಎರಡು ಮಾತು ಕೂಡಿಸಬೇಕು. ಸ್ವಲ್ಪ ಹಿಂದೆ ಮುಂದೆ ಆಗುತ್ತೆ, ನಿಜ. ಆದರೆ ಒಂದಾದ ಮೇಲೊಂದು ಹಿಂದೆ ಬಿದ್ದರೆ ಕಾಯಬಾರದು. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟರುಗಳು ಅಂಗನವಾಡಿಗೇ ಬಂದು ಮಕ್ಕಳನ್ನು ನೋಡ್ತಾರೆ. ಆ ದಿನ ‘ಬೈತಾರೇನೋ’ ಅಂತ ಮಗುವನ್ನು ಮನೆಯಲ್ಲಿ ಬಚ್ಚಿಡಬೇಡ.

ಮೊದಲು ಕಿವಿ ತೋರಿಸು. ಕಿವಿ ಕೇಳದ ಮಗುವನ್ನು ಪೆದ್ದು ಅಂದುಬಿಡ್ತೀವಿ ನಾವು. ಥೈರಾಯ್ಡ್ ರಕ್ತಪರೀಕ್ಷೆಯನ್ನೂ ಮಾಡಿಸು. ಹುಟ್ಟಿದ ಹೊಸದರಲ್ಲೇ ಅದರ ಕೊರತೆ ಗೊತ್ತಾಗಿ ದಿನಕ್ಕೊಂದು ಮಾತ್ರೆ ಶುರುವಾದರೆ ಎಷ್ಟೋ ಮಕ್ಕಳ ಬುದ್ಧಿ ಉಳಿಯುತ್ತೆ. ಮುಂದೆ ಮಡಿಲು ತುಂಬೋ ನಿನ್ನ ತಂಗಿಗೂ ಇದನ್ನು ಹೇಳಿಡು. ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ವಿಭಾಗ ಇದೆ, ಮಾತು–ಕಿವಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಬುದ್ಧಿ ಬೆಳೆಸೋ ಟಾನಿಕ್ ಅಂತ ಯಾರಾದರೂ ಮಾರಿದರೆ ಕೊಳ್ಳಬೇಡ, ಆ ದುಡ್ಡಲ್ಲಿ ಮಗುವಿಗೆ ಮೊಟ್ಟೆ ಕೊಡಿಸು.

ತೋರಿಸೋದರಲ್ಲಿ ಹೀಗೆ ಆತುರ ಮಾಡಬೇಕು. ಕಲಿಸೋದರಲ್ಲಿ ಮಾಡಬಾರದು. ನೀನು ಇದನ್ನು ಉಲ್ಟಾ ಮಾಡ್ತಿದ್ದೀಯ.

ನನ್ನ ಮಗನಿಗೆ ಬೆರಳಿನ ಹಿಡಿತ ಬಂದದ್ದು ಅವರೆಕಾಳಿನಿಂದ. ರಾತ್ರಿ ನೆನೆಸಿಟ್ಟ ಕಾಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿದರೆ ಸಿಪ್ಪೆ ಕೈಲುಳಿದು ಬೇಳೆ ಪಟ್ಟನೆ ಹಾರುತ್ತಲ್ಲ, ಅದನ್ನು ಕಂಡು ನಗ್ತಿದ್ದ. ಶುರುವಿನಲ್ಲಿ ನಾನು ಮುಕ್ಕಾಲು ಹಿತುಕಿ ಕೊಡ್ತಿದ್ದೆ, ಕೊನೇ ಒತ್ತು ಅವನದು. ಆಮೇಲೆ ಅರ್ಧ. ಒಂದು ಚಳಿಗಾಲ ಮುಗಿಯೋಷ್ಟರಲ್ಲಿ ಪೂರಾ ಅವನದೇ. ಶರ್ಟಿನ ಗುಂಡಿಯೂ ಹಾಗೇ. ಗುಂಡಿಯನ್ನು ಕಾಜದೊಳಗೆ ಅರ್ಧ ತೂರಿಸಿ ಬಿಡ್ತಿದ್ದೆ, ಆ ಕಡೆಯಿಂದ ಎಳೆಯೋದು ಅವನ ಕೆಲಸ. ಕೊನೆಯಿಂದ ಕಲಿಸಿದರೆ ಪ್ರತಿ ಸಲವೂ ಗೆದ್ದ ಖುಷಿ ಮಗುವಿಗೆ ಸಿಗುತ್ತೆ. ಒಂದು ಶರ್ಟು ಪೂರ್ತಿ ಹಾಕಿಕೊಳ್ಳೋಕೆ ಎಂಟು ತಿಂಗಳು ಹಿಡಿಯಿತು. ಅಷ್ಟು ದಿನ ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಏಳ್ತಿದ್ದೆ, ಅಷ್ಟೇ.

ನೀನು ಒಂದು ಮಾತು ಕೇಳಿ ಮೂರು ಎಣಿಸೋಷ್ಟರಲ್ಲಿ ಉತ್ತರ ನೀನೇ ಹೇಳಿಬಿಡ್ತೀಯ. ಹತ್ತು ಎಣಿಸು ತಾಯಿ. ಮಾತು ಅವನೊಳಗೆ ಹೊರಟಿರುತ್ತೆ, ಬಾಗಿಲಿಗೆ ಬರೋಕೆ ಹೊತ್ತಾಗುತ್ತೆ. ಅವನ ಎದುರಿಗೆ ‘ಇವನಿಗೇನೂ ತಿಳಿಯಲ್ಲ’ ಅನ್ನಬೇಡ. ತಿಳಿಯುತ್ತೆ. ಅಕ್ಕಪಕ್ಕದ ಮಗುವಿನ ಜೊತೆ ಹೋಲಿಸಬೇಡ, ಹೋದ ವರ್ಷದ ಇವನ ಜೊತೆ ಹೋಲಿಸು. ಅವನಕ್ಕನ ಮೇಲೆ ಎಲ್ಲಾ ಹೊರೆ ಹೊರಿಸಬೇಡ, ಅವಳೂ ಕೂಸೇ.

ಕಾಗದಪತ್ರದ ಕೆಲಸ ನಿನಗೆ ಬೇಸರ ಅಂತ ಗೊತ್ತು. ಆದರೂ ಮಾಡಿಸು. ಪಂಚಾಯಿತಿಯಲ್ಲಿ ವಿ.ಆರ್.ಡಬ್ಲ್ಯು. ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರ್ತಾರೆ, ಅಂಗವಿಕಲರ ಯುಡಿಐಡಿ ಗುರುತಿನ ಕಾರ್ಡಿಗೆ ಅವರನ್ನು ಕೇಳು. ನಿರಾಮಯ ಅನ್ನೋ ವಿಮೆ ಇಂಥ ಮಕ್ಕಳಿಗೇ ಇದೆ, ವರ್ಷಕ್ಕೆ 1 ಲಕ್ಷದವರೆಗೆ. ನನ್ನ ಮಗನನ್ನು ಒಂದು ಶಾಲೆಯವರು ಗೇಟಿನಿಂದಲೇ ಕಳಿಸಿದರು. ತಲೆ ತಗ್ಗಿಸಿಕೊಂಡು ಬಂದೆ, ಆಗ ಈಗಿನ ಕಾನೂನು ಇರಲಿಲ್ಲ. ನೀನು ಹಾಗೆ ಬರಬೇಡ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ, ಶೇ 40ಕ್ಕಿಂತ ಕಡಿಮೆಯಿಲ್ಲದ ನ್ಯೂನತೆ ಇರೋ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಗೇಟಿನಲ್ಲೇ ನಿಂತು ಕೇಳು.

ನನ್ನ ಮಗ ಈಗ ನಮ್ಮ ಮಗ್ಗಕ್ಕೆ ಕಂಡಿಕೆ ಸುತ್ತುತ್ತಾನೆ. ನೂಲು ಕಡಿದರೆ ಅವನೇ ಗಂಟು ಹಾಕ್ತಾನೆ. ಬೆಳಿಗ್ಗೆ ಶರ್ಟಿನ ಮೇಲಿನ ಗುಂಡಿ ಕೆಳಗಿನ ಕಾಜಕ್ಕೆ ಹೋಗಿರುತ್ತೆ ಒಂದೊಂದು ದಿನ. ಕನ್ನಡಿ ಮುಂದೆ ನಿಂತು ತಾನೇ ಬಿಚ್ಚಿ ಸರಿ ಮಾಡಿಕೊಳ್ತಾನೆ.

ಭಾನುವಾರ ಬಾ. ಸೊಗಡು ಅವರೆ ಬಂದಿದೆ, ಎರಡು ಸೇರು ನೆನೆಹಾಕಿರ್ತೀನಿ. ನಿನ್ನ ಮಗನಿಗೆ ಹಿತುಕೋದು ನನ್ನ ಮಗ ಹೇಳಿಕೊಡ್ತಾನೆ. ಕಾಳು ನೆಲದ ಮೇಲೆಲ್ಲಾ ಹಾರಲಿ. ನೀನು ನನ್ನ ಪಕ್ಕ ಕೂತು ಕಾಫಿ ಕುಡಿ, ಕೈ ಮಾತ್ರ ಮಡಿಲಲ್ಲಿ ಇಟ್ಟುಕೊಂಡಿರು.