ಗೆಳತಿಯ ಲೆಕ್ಕ ಎಲ್ಲಿ ತಪ್ಪಿತು?

ಪುಟ್ಟಿ,

ಮೊನ್ನೆ ನಿಮ್ಮಪ್ಪ ಫೋನ್ ಮಾಡಿದ್ದ. ಎಸ್ಸೆಸ್ಸೆಲ್ಸಿ ಪರೀಕ್ಷೆ ತಲೆಯ ಮೇಲೆ ಬಂತು, ಇವಳು ನೋಡಿದರೆ ಸಂಜೆಯೆಲ್ಲ ಗೆಳತಿಯರಿಗೆ ಗಣಿತ ಹೇಳಿಕೊಡುತ್ತ ಕೂರುತ್ತಾಳೆ, ತಾನು ಓದುವುದು ಯಾವಾಗ ಅಂತ ಅವನ ಚಿಂತೆ. ಹೆತ್ತವನಿಗೆ ಆ ಚಿಂತೆ ಸಹಜ. ಆದರೆ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಲೇ ತಲೆ ನೆರೆತವಳು ನಾನು. ಅವನಿಗೆ ಒಂದು ಮಾತು, ನಿನಗೆ ನಾಲ್ಕು ಮಾತು ಹೇಳಲೇಬೇಕು ಅನ್ನಿಸಿತು. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಅದಕ್ಕೇ ಕಾಗದ.

ಅಪ್ಪನಿಗೆ ಇಷ್ಟು ಹೇಳು. ಗಣಿತದಲ್ಲಿ ಲಿಖಿತ ಪರೀಕ್ಷೆಗೆ 80 ಅಂಕ, ಆಂತರಿಕ ಮೌಲ್ಯಮಾಪನಕ್ಕೆ 20. ಗೆಳತಿ 70 ತೆಗೆದುಕೊಂಡರೆ ನಿನ್ನ ಅಂಕದಲ್ಲಿ ಒಂದೂ ಕಡಿಮೆಯಾಗುವುದಿಲ್ಲ. ಅವಳಿಗೆ ಕೊಟ್ಟ ಹೊತ್ತು ನಿನಗೂ ಓದಿನ ಹೊತ್ತೇ. ಹೇಗೆ ಅಂದರೆ, ಬಾಹ್ಯ ಬಿಂದುವಿನಿಂದ ವೃತ್ತಕ್ಕೆ ಎಳೆದ ಸ್ಪರ್ಶಕಗಳು ಸಮ ಅನ್ನುವ ಪ್ರಮೇಯ ಇದೆಯಲ್ಲ, ದತ್ತ, ಸಾಧನೀಯ, ಸಾಧನೆ ಅಂತ ನೀನು ಅದನ್ನು ಗಿಣಿಪಾಠ ಒಪ್ಪಿಸಿಬಿಡುತ್ತೀಯ. ಗೆಳತಿ ಚಿತ್ರದ ಮೇಲೆ ಬೆರಳಿಟ್ಟು, "ಲೇ, ಇಲ್ಲಿ ತೊಂಬತ್ತು ಡಿಗ್ರಿ ಹೇಗೆ ಬಂತೇ?" ಅಂದಳು ಅನ್ನು. ಆಗ ನೀನು ಹಿಂದಿನ ಪ್ರಮೇಯಕ್ಕೆ ಹೋಗಬೇಕು: ಸ್ಪರ್ಶ ಬಿಂದುವಿಗೆ ಎಳೆದ ತ್ರಿಜ್ಯ ಸ್ಪರ್ಶಕಕ್ಕೆ ಲಂಬ. ಅದಾದರೂ ಯಾಕೆ? ಸ್ಪರ್ಶಕದ ಮೇಲಿನ ಮಿಕ್ಕ ಬಿಂದುಗಳೆಲ್ಲ ವೃತ್ತದ ಹೊರಗಿವೆ. ಕೇಂದ್ರಕ್ಕೆ ಎಲ್ಲಕ್ಕಿಂತ ಹತ್ತಿರದ್ದು ಆ ಸ್ಪರ್ಶ ಬಿಂದುವೇ. ಒಂದು ಬಿಂದುವಿನಿಂದ ಒಂದು ಗೆರೆಗೆ ಅತಿ ಹತ್ತಿರದ ದಾರಿ ಲಂಬವೇ ತಾನೆ? ಒಬ್ಬಳೇ ಕೂತು ಓದುವಾಗ ಈ "ಯಾಕೆ" ನಿನಗೆ ಹೊಳೆಯುತ್ತಿತ್ತೋ ಇಲ್ಲವೋ. ಅವಳ ಬೆರಳು ಅದನ್ನು ತೋರಿಸಿಕೊಟ್ಟಿತು.

ಇನ್ನು ನಿನಗೆ ಹೇಳಬೇಕಾದ್ದು. ಹೇಳಿಕೊಡುವುದು ಅಂದರೆ ಅವಳ ಕೈಯಿಂದ ಪೆನ್ನು ಕಿತ್ತುಕೊಂಡು ಲೆಕ್ಕ ಮಾಡಿ ತೋರಿಸುವುದಲ್ಲ ಕಣೇ. ಜಾಣ ಮಕ್ಕಳು ಎಲ್ಲರೂ ಹೀಗೇ ಮಾಡುತ್ತಾರೆ, ಪ್ರೀತಿಯಿಂದಲೇ ಮಾಡುತ್ತಾರೆ. "ಗೊತ್ತಾಯ್ತಾ?" ಅಂದರೆ ಅವಳು ಹೂಂ ಅನ್ನುತ್ತಾಳೆ. ಮನೆಗೆ ಹೋಗಿ ಪುಸ್ತಕ ತೆರೆದರೆ ಏನೂ ತೋಚುವುದಿಲ್ಲ. ಪೆನ್ನು ಅವಳ ಕೈಯಲ್ಲೇ ಇರಲಿ. ನೀನು ನೋಡುತ್ತಿರು, ಎಲ್ಲಿ ಕೈ ನಿಲ್ಲುತ್ತದೆ ಅಂತ.

ಎಕ್ಸ್ ಸ್ಕ್ವೇರ್ ಮೈನಸ್ ಐದು ಎಕ್ಸ್ ಪ್ಲಸ್ ಆರು ಸಮ ಸೊನ್ನೆ ಅಂತ ಒಂದು ವರ್ಗ ಸಮೀಕರಣ ಇರಲಿ. ಅಪವರ್ತಿಸಲು ಹೊರಟವಳು ಮಧ್ಯಪದವನ್ನು ಮೈನಸ್ ಎರಡು ಎಕ್ಸ್, ಮೈನಸ್ ಮೂರು ಎಕ್ಸ್ ಅಂತ ಸರಿಯಾಗಿಯೇ ಒಡೆಯುತ್ತಾಳೆ. ಮೊದಲೆರಡು ಪದಗಳಿಂದ ಎಕ್ಸ್ ಹೊರಗೆ ತೆಗೆದು, ಆವರಣದೊಳಗೆ ಎಕ್ಸ್ ಮೈನಸ್ ಎರಡು ಬರೆಯುತ್ತಾಳೆ. ಮುಂದಿನ ಎರಡರಿಂದ ಮೈನಸ್ ಮೂರು ಹೊರಗೆ ತೆಗೆದಾಗ ಆವರಣದೊಳಗೆ ಎಕ್ಸ್ ಪ್ಲಸ್ ಎರಡು! ಎರಡು ಆವರಣ ಹೊಂದಲಿಲ್ಲ, ಪೆನ್ನು ನಿಂತಿತು. ಇದನ್ನು ನೋಡಿ ಇಡೀ ಅಧ್ಯಾಯ ಮೊದಲಿಂದ ಶುರು ಮಾಡಬೇಡ. ವರ್ಗ ಸಮೀಕರಣ ಅವಳಿಗೆ ಬರುತ್ತದೆ. ಎಡವಿದ್ದು ಕೆಳಗಿನ ತರಗತಿಯ ಚಿಹ್ನೆಯಲ್ಲಿ. "ಆ ಮೈನಸ್ ಮೂರರಿಂದ ಪ್ಲಸ್ ಎರಡನ್ನು ಗುಣಿಸಿ ನೋಡೇ" ಅನ್ನು, ಅಷ್ಟೇ. ಮೈನಸ್ ಆರು ಬರುತ್ತದೆ, ಬೇಕಾದ್ದು ಪ್ಲಸ್ ಆರು. ತಾನೇ ತಿದ್ದಿಕೊಳ್ಳುತ್ತಾಳೆ. ಹಾಗೆ ತಿದ್ದಿಕೊಂಡಾಗ ಅವಳ ಮುಖ ನೋಡು ಪುಟ್ಟಿ, ಇಷ್ಟು ವರ್ಷ ನಾನು ಪಾಠ ಮಾಡಿದ್ದೇ ಆ ಮುಖ ನೋಡುವುದಕ್ಕೆ.

"ಇಷ್ಟೂ ಬರಲ್ವಾ?" ಅನ್ನುವ ಮಾತು ಮಾತ್ರ ಯಾರ ಬಾಯಿಂದಲೂ ಬರಕೂಡದು. ಒಮ್ಮೆ ಅನ್ನಿಸಿಕೊಂಡ ಹುಡುಗಿ ಮತ್ತೆ ಕೇಳುವುದಿಲ್ಲ, ಗೊತ್ತಿದ್ದವರ ಹಾಗೆ ತಲೆಯಾಡಿಸುವುದನ್ನು ಕಲಿಯುತ್ತಾಳೆ.

ವಾರಕ್ಕೊಮ್ಮೆ ಎಲ್ಲರೂ ಕೂತು ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ. 38 ಪ್ರಶ್ನೆ, ಅದರಲ್ಲಿ 16 ಒಂದೊಂದು ಅಂಕದವು. ಮೂರು ಗಂಟೆ, ಓದಿಕೊಳ್ಳಲು ಹದಿನೈದು ನಿಮಿಷ ಬೇರೆ. ಆಮೇಲೆ ಉತ್ತರಪತ್ರಿಕೆಗಳನ್ನು ಅದಲುಬದಲು ಮಾಡಿಕೊಂಡು ಕೆಂಪು ಶಾಯಿಯಲ್ಲಿ ತಿದ್ದಿ. ಕೊನೆಯ ಉತ್ತರ ತಪ್ಪಿದರೂ ಸೂತ್ರಕ್ಕೆ, ಆದೇಶಿಸಿದ್ದಕ್ಕೆ ಅಂಕ ಕೊಡಿ. ಪರೀಕ್ಷೆಯಲ್ಲಿ ತಿದ್ದುವವರೂ ಹಂತ ನೋಡಿಯೇ ಕೊಡುತ್ತಾರೆ. ಹಂತ ಹಾರಿಸುವ ಚಾಳಿ ನಿನ್ನದು. ಅದನ್ನು ನಾನು ಹೇಳಿ ಸಾಕಾಯಿತು. ಗೆಳತಿ ಅರ್ಧ ಅಂಕ ಕಿತ್ತುಕೊಂಡರೆ ಆಗ ಬಿಡುತ್ತೀಯ. ನಕ್ಷೆ ಬಿಡಿಸುವ ಲೆಕ್ಕದಲ್ಲಿ ಪ್ರಮಾಣ ಬರೆಯುವುದನ್ನು ಮರೆತವರಿಗೂ ಹಾಗೇ ಮಾಡಿ.

ಮೊಬೈಲಿನಲ್ಲಿ "ಇದೇ ಬರುವ ಪೇಪರ್" ಅಂತ ಏನಾದರೂ ಹರಿದಾಡಿದರೆ ನಿಮ್ಮ ಗುಂಪಿನೊಳಕ್ಕೆ ತರಬೇಡಿ. ಸಂಜೆ ಗೆಳತಿಯರದಾದರೆ ಬೆಳಗಿನ ಜಾವ ನಿನ್ನದು, ಒಬ್ಬಳೇ ಕೂತು ಕಷ್ಟದ ಲೆಕ್ಕ ಬಿಡಿಸು. ಆ ಹೊತ್ತನ್ನು ಯಾರಿಗೂ ಕೊಡಬೇಡ. ಅಪ್ಪನ ಚಿಂತೆಗೂ ಅದೇ ಮದ್ದು.

ನಿಮ್ಮಲ್ಲಿ ಒಬ್ಬಳು "ಫೇಲಾದರೆ ಮನೆಯಲ್ಲಿ ಓದು ಬಿಡಿಸುತ್ತಾರೆ" ಅಂತ ಅತ್ತಳಂತೆ, ನಿಮ್ಮಮ್ಮ ಹೇಳಿದಳು. ಅದು ಕೇಳಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ವರ್ಷಕ್ಕೆ ಒಂದೇ ಪರೀಕ್ಷೆಯಲ್ಲ, ಮತ್ತೆ ಬರೆಯಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ ಅನ್ನುವುದನ್ನು ಅವಳಿಗೂ ಹೇಳು, ಅವಳ ಮನೆಗೆ ಹೋಗಿ ಅವಳ ಅಮ್ಮನಿಗೂ ಹೇಳು. ಶಿವರಾತ್ರಿಗೆ ನಾನು ಬರುತ್ತೇನಲ್ಲ, ಅಷ್ಟರಲ್ಲಿ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಗಳು ಕೈಗೆ ಬಂದಿದ್ದರೆ ಎಲ್ಲರದ್ದೂ ಎತ್ತಿಡು. ಮೊದಲು ಆ ಹುಡುಗಿಯದನ್ನು ನೋಡುತ್ತೇನೆ.

ಇಂತಿ ನಿನ್ನ ಪ್ರೀತಿಯ
ಅತ್ತೆ