ಮೊದಲು ಊಟ ನೋಡು, ಆಮೇಲೆ ಖೋಲಿ

ಡಿಗ್ರಿಗೆ ಸೀಟು ಸಿಕ್ಕವಳು, ಪಿಎಸ್‌ಐ ಪರೀಕ್ಷೆಗೆ ಕೋಚಿಂಗ್ ಹುಡುಕುವವನು, ಕಂಪನಿಯ ಕಾಗದ ಕೈಗೆ ಬಂದವನು, ಯಾರೇ ಇರಲಿ, ನಮ್ಮ ಸುರಪುರ, ಶಹಾಪುರ, ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಹೊರಟರೆ ಅಲ್ಲಿದ್ದವರಿಗೆ ಫೋನು ಹಚ್ಚಿ ಕೇಳುವ ಮೊದಲ ಮಾತು ‘ಪಿಜಿ ಬಾಡಿಗಿ ಎಷ್ಟದ?’ ಎಂಬುದು. ‘ಊಟ ಹೆಂಗದ?’ ಎಂದು ಕೇಳಿದವರನ್ನು ನಾನು ಕಂಡಿಲ್ಲ. ತಮ್ಮಾ, ತಂಗೀ, ಈ ಎರಡು ಪ್ರಶ್ನೆಗಳನ್ನು ಹಿಂದುಮುಂದು ಮಾಡಿ ಕೇಳಿರಿ. ನಾನು ಹೇಳಬೇಕೆಂದಿರುವುದು ಇಷ್ಟೇ. ಊಟ ಎಲ್ಲಿ ಸಿಗುತ್ತದೆ ಎಂದು ನೋಡಿ, ಅದರ ಸುತ್ತ ಖೋಲಿ ಹುಡುಕಬೇಕು. ಖೋಲಿ ಹಿಡಿದ ಮೇಲೆ ಊಟಕ್ಕೆ ಅಲೆಯುವವರ ಕಿಸೆ ತಿಂಗಳ ಇಪ್ಪತ್ತಕ್ಕೇ ಖಾಲಿಯಾಗುತ್ತದೆ.

ನಮ್ಮದು ಜೋಳದ ಹೊಟ್ಟೆ. ನಾರಾಯಣಪುರದ ಕಾಲುವೆ ಬಂದ ಮೇಲೆ ನಾವೂ ಭತ್ತ ಬೆಳೆಯುತ್ತೇವೆ, ಅನ್ನ ಉಣ್ಣುತ್ತೇವೆ, ಸುಳ್ಳಲ್ಲ. ಆದರೆ ಬೆಳಗ್ಗೆ ಚಿತ್ರಾನ್ನ, ಮಧ್ಯಾಹ್ನ ಡಬ್ಬಿಯಲ್ಲಿ ಅದೇ ಚಿತ್ರಾನ್ನ, ರಾತ್ರಿ ಅನ್ನ ಮತ್ತು ತಿಳಿ ಸಾರು ಎಂದರೆ ನಮ್ಮ ಹುಡುಗರಿಗೆ ತಡೆಯುವುದಿಲ್ಲ. ಎಂಟು ಗಂಟೆಗೆ ಉಂಡವನಿಗೆ ಹನ್ನೊಂದಕ್ಕೆ ಮತ್ತೆ ಹಸಿವು. ಆಗ ಮೊಬೈಲ್ ತೆಗೆದು ಆರ್ಡರ್ ಮಾಡುತ್ತಾನೆ. ಬಾಡಿಗೆಯಲ್ಲಿ ಉಳಿಸಿದೆನೆಂದುಕೊಂಡ ದುಡ್ಡು ಹೀಗೆ ರಾತ್ರಿ ರಾತ್ರಿ ಸೋರಿಹೋಗುತ್ತದೆ. ಮೇಲೆ ಹೊಟ್ಟೆ ಕೆಟ್ಟು ದವಾಖಾನೆ ಕಂಡರೆ ಅದರ ಲೆಕ್ಕ ಬೇರೆ.

ಕೋಚಿಂಗಿಗೆ ಹೋಗುವವರು ಹೆಚ್ಚಾಗಿ ಇಳಿಯುವುದು ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟ್ ಕಡೆ. ಧಾರವಾಡದ ಸಪ್ತಾಪುರದ ಹಾಗೆಯೇ ಇಲ್ಲಿಯೂ ಓದುವ ಹುಡುಗರ ಹಿಂದೆ ಹಿಂದೆ ನಮ್ಮ ಕಡೆಯ ಖಾನಾವಳಿಗಳು ಬಂದಿವೆ. ಒಳ್ಳೆಯ ಖಾನಾವಳಿಯ ಗುರುತು ಬೋರ್ಡಿನಲ್ಲಿ ಸಿಗುವುದಿಲ್ಲ, ‘ಉತ್ತರ ಕರ್ನಾಟಕ ಶೈಲಿ’ ಎಂದು ಯಾರು ಬೇಕಾದರೂ ಬರೆಸಬಹುದು. ಬಾಗಿಲಲ್ಲಿ ನಿಂತು ಕಿವಿಗೊಡು. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬಂದರೆ ಹೋಗಿ ಕೂಡು. ಕೆಲವು ಕಡೆ ಮುಂಜಾನೆ ಬಡಿದ ರೊಟ್ಟಿಯನ್ನು ಚೀಲದಲ್ಲಿ ತರಿಸಿ, ರಾತ್ರಿ ಹಂಚಿನ ಮೇಲೆ ಒಮ್ಮೆ ತಿರುವಿ ಕೊಡುತ್ತಾರೆ. ಹರಿದರೆ ಹಳೆಯ ಚಪ್ಪಲಿಯ ತೊಗಲಿನ ಹಾಗೆ ಎಳೆಯುತ್ತದೆ. ತಾಟಿಗೆ ಎಷ್ಟು ರೊಟ್ಟಿ, ಮೇಲೆ ಒಂದು ಬೇಕೆಂದರೆ ಅದಕ್ಕೆ ಬೇರೆ ರೊಕ್ಕವೋ ಎಂದು ಕೂಡುವ ಮೊದಲೇ ಕೇಳು. ಕಾಳುಪಲ್ಯ ಎರಡನೇ ಸಲ ಕೇಳಿ ನೋಡು. ಮುಖ ಗಂಟಿಕ್ಕದೆ ಹಾಕಿದರೆ ಅಲ್ಲಿ ಹುಡುಗರನ್ನು ಉಣಿಸಿ ರೂಢಿಯಿದೆ ಎಂದು ತಿಳಿ. ಉಳ್ಳಾಗಡ್ಡಿ, ಸೌತೆಕಾಯಿ, ಹಿಂಡಿ, ಮೊಸರು ಕೇಳದೆಯೇ ಬಂದರೆ ಇನ್ನೂ ಚಲೋ.

ತಿಂಗಳ ಕಾರ್ಡು ಮಾಡಿಸಿದರೆ ತಾಟಿಗೆ ಕಡಿಮೆ ಬೀಳುತ್ತದೆ ನಿಜ. ಆದರೆ ಮೊದಲ ವಾರ ದಿನದ ರೊಕ್ಕ ಕೊಟ್ಟೇ ಉಣ್ಣು. ಯುಗಾದಿಗೋ ಕಾರಹುಣ್ಣಿಮೆಗೋ ಊರಿಗೆ ಬಂದಾಗ ತಪ್ಪಿದ ಊಟ ಮುಂದಿನ ತಿಂಗಳಿಗೆ ಸೇರುತ್ತದೋ, ಮುಳುಗಿ ಹೋಗುತ್ತದೋ ಎಂಬುದನ್ನೂ ಕೇಳಿಕೋ.

ಇಂಥ ಒಂದೆರಡು ಊಟದ ಜಾಗ ಗೊತ್ತಾದ ಮೇಲೆ, ಅಲ್ಲಿಂದ ಹತ್ತು ನಿಮಿಷ ನಡೆಯುವಷ್ಟರೊಳಗೆ ಖೋಲಿ ನೋಡು. ಪಿಜಿಯವರು ಭಾನುವಾರ ಬಂದು ನೋಡಿರಿ ಎನ್ನುತ್ತಾರೆ. ಅವತ್ತು ಏನಾದರೂ ವಿಶೇಷ ಮಾಡಿರುತ್ತಾರೆ. ನೀನು ಮಂಗಳವಾರ ರಾತ್ರಿ ಒಂಬತ್ತಕ್ಕೆ ಹೋಗು, ಪಾತ್ರೆಯಲ್ಲಿ ಏನು ಉಳಿದಿದೆ ಎಂದು ನೋಡು, ಒಂದು ಊಟಕ್ಕೆ ರೊಕ್ಕ ಕೊಟ್ಟು ಉಂಡು ಬಾ. ಕೆಲಸ ಮುಗಿಸಿ ತಡವಾಗಿ ಬರುವವರಿಗೆ ಊಟ ಎತ್ತಿಡುತ್ತಾರೋ ಎಂದು ಮಾಲೀಕನನ್ನು ಕೇಳಬೇಡ, ಅಲ್ಲಿಯೇ ಇರುವ ಹುಡುಗರನ್ನು ಕೇಳು. ಮಾಲೀಕ ಮಂಚ ತೋರಿಸುತ್ತಾನೆ, ನೀನು ಬಚ್ಚಲು ನೋಡು. ಒಂದು ಬಚ್ಚಲಿಗೆ ಎಷ್ಟು ಮಂದಿ? ನಲ್ಲಿ ತಿರುವಿ ನೋಡು. ಕಾವೇರಿ ನೀರೋ, ಬೋರೋ, ಟ್ಯಾಂಕರೋ? 2024ರ ಬೇಸಿಗೆಯಲ್ಲಿ ಬೋರುಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿದ ಊರು ಅದು. ಬೇಸಿಗೆಯಲ್ಲಿ ಬಿಂದಿಗೆ ಹಿಡಿದು ನಿಲ್ಲುವುದು ನಮಗೇನೂ ಹೊಸದಲ್ಲ. ಆದರೆ ಬಾಡಿಗೆ ಕೊಟ್ಟೂ ನಿಲ್ಲಬೇಕೆ?

ದೂರದಲ್ಲಿ ಅಗ್ಗದ ಖೋಲಿ ಎಂದು ಮರುಳಾಗುವವರೇ ಹೆಚ್ಚು. 2025ರ ಫೆಬ್ರವರಿಯಲ್ಲಿ ಮೆಟ್ರೊ ದರ ಏರಿ, ಕಡಿಮೆಯೆಂದರೆ 10, ಹೆಚ್ಚೆಂದರೆ 90 ರೂಪಾಯಿ ಆಯಿತು. ಒಂದು ಸಲಕ್ಕೆ 50 ರೂಪಾಯಿ ಹಿಡಿ. 25 ದಿನ ಹೋಗಿ ಬಂದರೆ 2,500 ಆಯಿತು. ಬಾಡಿಗೆ ಎರಡು ಸಾವಿರ ಕಡಿಮೆ ಎಂದು ಹಿಗ್ಗಿದ್ದು ಎಲ್ಲಿ ಹೋಯಿತು? ಹುಡುಗಿಯರ ಲೆಕ್ಕ ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಬಿಎಂಟಿಸಿಯ ಸಾದಾ ಬಸ್ಸಿಗೆ ರೊಕ್ಕ ಬೇಡ. ಹಾಗಾಗಿ ತಂಗೀ, ನೀನು ಮೆಟ್ರೊ ಹುಡುಕುವ ಬದಲು ಮೇಲಿಂದ ಮೇಲೆ ಬಸ್ಸು ಬರುವ ರಸ್ತೆ ಹುಡುಕು. ಬಸ್ಸಿಳಿದ ಮೇಲೆ ಖೋಲಿಯ ತನಕ ದೀಪವಿದೆಯೋ, ಅಂಗಡಿ ತೆರೆದಿರುತ್ತವೆಯೋ ಎಂದು ರಾತ್ರಿ ಹೊತ್ತಿನಲ್ಲೇ ಒಮ್ಮೆ ನಡೆದು ನೋಡು.

ಜಪಾನಿನ ಟೋಕಿಯೋ, ಒಸಾಕಾಗಳಲ್ಲಿ ಬಾಡಿಗೆ ಮನೆಯ ಜಾಹೀರಾತಿನಲ್ಲಿ ರೈಲು ನಿಲ್ದಾಣದಿಂದ ಇಷ್ಟು ನಿಮಿಷದ ನಡಿಗೆ ಎಂದು ಬರೆದಿರುತ್ತದೆ. ಆ ನಿಮಿಷವನ್ನು ಮನಸ್ಸಿಗೆ ಬಂದಂತೆ ಹಾಕುವಂತಿಲ್ಲ, 80 ಮೀಟರಿಗೆ ಒಂದು ನಿಮಿಷ ಎಂದೇ ಹಿಡಿಯಬೇಕು ಎಂಬ ನಿಯಮವಿದೆ. ನಮ್ಮ ಬ್ರೋಕರನ ‘ಇಲ್ಲೇ ಬಾಜೂಕ ಸರ್’ ಎಂಬ ಮಾತಿಗೆ ಅಂಥ ಅಳತೆಯಿಲ್ಲ. ನೀನೇ ನಡೆದು ಗಡಿಯಾರ ನೋಡಿಕೊಳ್ಳಬೇಕು.

ಓದಲು ಹೋಗುವವರು ಪಿಜಿಯ ಮಾತೆತ್ತುವ ಮೊದಲು ಸರಕಾರಿ ಹಾಸ್ಟೆಲ್ಲಿಗೆ ಅರ್ಜಿ ಹಾಕಿರಿ. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆಗಳಿಗೆ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿವೆ, ಊಟ ವಸತಿಗೆ ರೊಕ್ಕವಿಲ್ಲ. ‘ಹಾಸ್ಟೆಲ್ ಅಂದ್ರ ಹೆಂಗೋ ಏನೋ’ ಎಂದು ಮೂಗು ಮುರಿಯುವವರಿಗೆ ನಾನು ಹೇಳುವುದೇನೆಂದರೆ, ನಮ್ಮ ತಾಲ್ಲೂಕುಗಳಿಂದ ಮೇಲೆ ಬಂದ ಎಷ್ಟೋ ಮಾಸ್ತರರು, ಅಧಿಕಾರಿಗಳು ಅದೇ ಅನ್ನ ಉಂಡು ಬೆಳೆದವರು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಇದೆ. ಮೊದಲಿಗೆ ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳ ಊಟ-ವಸತಿಗೆಂದು ಶುರುವಾದ ಯೋಜನೆ ಅದು. ಇದಕ್ಕೆಲ್ಲ ಬೇಕಾದ ಜಾತಿ, ಆದಾಯ ಪ್ರಮಾಣಪತ್ರ ಇಲ್ಲಿನ ನಾಡಕಚೇರಿಯಲ್ಲಿ ಸಿಗುತ್ತದೆ, 371(ಜೆ) ಪ್ರಮಾಣಪತ್ರ ಯಾದಗಿರಿಯ ಉಪವಿಭಾಗಾಧಿಕಾರಿ ಕಚೇರಿಯಲ್ಲಿ. ಊರು ಬಿಡುವ ಮೊದಲೇ ಮಾಡಿಸಿ ಕೈಚೀಲದಲ್ಲಿಡು. ಒಂದು ಕಾಗದಕ್ಕಾಗಿ ಅಲ್ಲಿಂದ ತಿರುಗಿ ಬಂದರೆ ಎರಡು ದಿನ ಹಾಳು.

ಮೊದಲ ಕೆಲವು ದಿನ ಎಲ್ಲಿರುವುದು? ಸುರಪುರ, ಶಹಾಪುರಕ್ಕೆ ರೈಲಿಲ್ಲ. ಯಾದಗಿರಿಗೆ ಬಂದು ಉದ್ಯಾನ್ ಎಕ್ಸ್‌ಪ್ರೆಸ್ಸಿನಂಥ ರಾತ್ರಿ ಗಾಡಿ ಹಿಡಿದರೆ ಮಲಗುವುದೂ ಅದರಲ್ಲೇ ಮುಗಿಯುತ್ತದೆ, ಬೆಳಗ್ಗೆ ಇಳಿದು ಇಡೀ ದಿನ ಖೋಲಿ ನೋಡಬಹುದು. ನಿಲ್ದಾಣದ ಹೊರಗೆ ‘ಲಾಡ್ಜ್ ಬೇಕಾ?’ ಎಂದು ಬೆನ್ನು ಹತ್ತುವವರ ಮಾತಿಗೆ ತಿರುಗಿ ನೋಡಬೇಡ, ಅವರ ಕಮಿಷನ್ ನಿನ್ನ ಬಿಲ್ಲಿನಲ್ಲೇ ಇರುತ್ತದೆ. ಮೆಜೆಸ್ಟಿಕ್ಕಿನಲ್ಲಿ ರೈಲು ನಿಲ್ದಾಣದ ಹತ್ತಿರವೇ ಗುಬ್ಬಿ ತೋಟದಪ್ಪನವರ ಛತ್ರವಿದೆ. ದೂರದ ಊರಿನಿಂದ ಬಂದವರು ತಂಗಲೆಂದು ಆ ಪುಣ್ಯಾತ್ಮರು ಶತಮಾನದ ಹಿಂದೆಯೇ ಕಟ್ಟಿಸಿದ್ದು. ಅಂಥ ಜಾಗವನ್ನು ಮೊದಲು ವಿಚಾರಿಸು.

ಊರವರ ಖೋಲಿಗೆ ಹೋದರೂ ತಪ್ಪಿಲ್ಲ. ಆದರೆ ‘ಅಣ್ಣಾ, ಎರಡು ದಿನ ಇರ್ತೀನಿ’ ಎಂದವನು ತಿಂಗಳು ಕೂತರೆ ಅಣ್ಣನಿಗೆ ಬಾಯಿಬಿಟ್ಟು ಹೇಳಲಾಗುವುದಿಲ್ಲ. ಹೋಗುವಾಗ ಖಡಕ್ ರೊಟ್ಟಿಯ ಕಟ್ಟು, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಒಯ್ದು ಅವನ ಖೋಲಿಯಲ್ಲಿ ಇಡು, ಇದ್ದಷ್ಟು ದಿನ ಹಾಲು ತರಕಾರಿ ನೀನೇ ತಾ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲವಾದರೂ ಬೆಂಗಳೂರಿನ ತಂಪಿಗೆ ಬೇಗ ಮೆತ್ತಗಾಗುತ್ತದೆ, ಮುಚ್ಚಳ ಬಿಗಿಯಾಗಿ ಕೂಡುವ ಡಬ್ಬಿ ಬೇಕು.

ಹೊರಗೆ ತಿನ್ನುವ ದಿನ ಇಂದಿರಾ ಕ್ಯಾಂಟೀನ್ ಇದೆ. 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಶುರುವಾದಾಗ ತಿಂಡಿಗೆ 5, ಊಟಕ್ಕೆ 10 ರೂಪಾಯಿ. ಹೊತ್ತು ಮೀರಿದರೆ ಖಾಲಿಯಾಗುತ್ತದೆ, ಬೇಗ ಹೋಗು. ಸಾಲಿನಲ್ಲಿ ನಿಲ್ಲಲು ನಾಚಬೇಡ. ದರ್ಶಿನಿಗಳಲ್ಲಿ ನಿಂತೇ ತಿನ್ನಬೇಕು. 1983ರಲ್ಲಿ ಜಯನಗರದಲ್ಲಿ ಶುರುವಾದ ಪದ್ಧತಿ ಅದು. ಕೂರುವ ಜಾಗ, ಬಡಿಸುವವರ ಖರ್ಚು ಉಳಿಯುವುದರಿಂದ ಇಡ್ಲಿ ಕಡಿಮೆಗೆ ಸಿಗುತ್ತದೆ. ಹಿರಿಯರು ನೋಡಲು ಬಂದರೆ ಮಾತ್ರ ಅಲ್ಲಿ ನಿಲ್ಲಿಸಬೇಡ, ತಾಟು ಮುಂದಿಟ್ಟುಕೊಂಡು ಕೂಡುವ ಕಡೆ ಕರೆದುಕೊಂಡು ಹೋಗು.

ಕಟ್ಟಡದ ಕೆಲಸಕ್ಕೆ ಗುಳೆ ಹೋಗುವ ನಮ್ಮವರಿಗೆ ಈ ಪಿಜಿ ಮಾತೆಲ್ಲ ನಗೆಪಾಟಲು, ನನಗೆ ಗೊತ್ತು. ಅವರಿಗೂ ಮಾತು ಬೇರೆಯಲ್ಲ: ಮುಂಗಡ ಹಿಡಿಯುವ ಮೊದಲು ಶೆಡ್ಡಿನಲ್ಲಿ ನೀರಿದೆಯೋ, ಹೆಣ್ಣುಮಕ್ಕಳಿಗೆ ಬಚ್ಚಲಿದೆಯೋ ಎಂದು ಮೇಸ್ತ್ರಿಯನ್ನು ಕೇಳಿರಿ. ಯಾದಗಿರಿ ಜಿಲ್ಲೆಯ ಕಾರ್ಡಿಗೆ ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲೂ ಪಡಿತರ ಸಿಗುತ್ತದೆ. ಮನೆಯವರೆಲ್ಲ ಕೂಡಿ ಹೋಗುವುದಾದರೆ ಅದನ್ನು ಟ್ರಂಕಿನಲ್ಲಿ ಬೀಗ ಹಾಕಿ ಹೋಗಬೇಡಿರಿ.

ಇನ್ನೊಂದು. ಖೋಲಿ ತೋರಿಸುವ ಮೊದಲೇ ‘ನೀವು ಯಾವ ಜನ?’, ‘ಏನು ತಿಂತೀರಿ?’ ಎಂದು ಕೇಳುವವರು ಸಿಗುತ್ತಾರೆ. ಸುಳ್ಳು ಹೇಳಿ ಒಳಗೆ ಹೋಗಬೇಡ, ಒಂದು ಮೊಟ್ಟೆ ಬೇಯಿಸಿಕೊಳ್ಳಲೂ ಅಂಜಿ ಬದುಕಬೇಕಾಗುತ್ತದೆ. ಬಾಡಿಗೆ ನೂರು ಕಡಿಮೆಯಿದ್ದರೂ ಅಂಥ ಮನೆ ಬೇಡ, ಮುಂದಿನ ಬಾಗಿಲು ತಟ್ಟು.

ಒಪ್ಪಿದ ಮೇಲೆ ಅಡ್ವಾನ್ಸಿನ ಮಾತು. ಬಿಡುವಾಗ ಮೆಂಟೆನೆನ್ಸ್ ಎಂದು ಎಷ್ಟು ಮುರಿದುಕೊಳ್ಳುತ್ತಾರೆ, ಎಷ್ಟು ದಿನ ಮೊದಲು ಹೇಳಬೇಕು, ಎರಡನ್ನೂ ವಾಟ್ಸಾಪಿನಲ್ಲಿ ಬರೆಸಿಕೋ. ಜಿಎಸ್‌ಟಿ ಎಂದು ಬಿಲ್ಲಿಗೆ ಸೇರಿಸಿದರೆ ಸುಮ್ಮನಿರಬೇಡ, 90 ದಿನಕ್ಕೆ ಕಡಿಮೆಯಿಲ್ಲದೆ ಒಂದೇ ಕಡೆ ಇದ್ದು, ತಿಂಗಳಿಗೆ 20,000 ರೂಪಾಯಿ ಮೀರದ ಬಾಡಿಗೆಗೆ 2024ರ ಜುಲೈನಿಂದ ವಿನಾಯಿತಿ ಇದೆ. ರೊಕ್ಕ ಕೈಗೆ ಕೊಡದೆ ಫೋನಿನಲ್ಲಿ ಹಾಕು, ಗುರುತು ಉಳಿಯುತ್ತದೆ. ಕೀಲಿ ಕೈಗೆ ಬಂದ ದಿನವೇ ಗೋಡೆ, ನಲ್ಲಿ, ಮಂಚ, ಕಪಾಟಿನ ಬಾಗಿಲು ಎಲ್ಲದರ ಫೋಟೋ ತೆಗೆದು ಅಣ್ಣನಿಗೋ ಅಪ್ಪನಿಗೋ ಕಳಿಸಿಡು. ಬಿಡುವ ದಿನ ‘ಇದು ನೀವು ಒಡೆದದ್ದು’ ಎಂದು ಮಾಲೀಕ ಬೆರಳು ತೋರಿಸಿದರೆ ನೀನು ಫೋನು ತೋರಿಸಬಹುದು.